ಯುದ್ಧ ಚಿತ್ರಗಳ ವಿಮಾನ ಕಾಳಗ: ಎಷ್ಟು ನಿಜ, ಎಷ್ಟು ಸುಳ್ಳು? ಪದೇ ಪದೇ ಕೇಳುವ ಪ್ರಶ್ನೆಗಳು

ಯುದ್ಧದ ಸಿನಿಮಾ ನೋಡಿದವರು ಹಾರಾಟದ ದೃಶ್ಯಗಳ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಬಣ್ಣ, ಗುರುತು, ಮಾದರಿಗಳಲ್ಲಿ ಆಗುವ ತಪ್ಪಿಗಿಂತ ಚಲನೆಯಲ್ಲಿ ಆಗುವ ತಪ್ಪು ದೊಡ್ಡದು ಎಂಬುದು ನಮ್ಮ ನಿಲುವು. ವಿಮಾನಕ್ಕೆ ತೂಕವಿದೆ. ಕಳೆದುಕೊಂಡ ವೇಗವನ್ನು ಅದು ಎಲ್ಲಿಂದಲಾದರೂ ಮತ್ತೆ ಗಳಿಸಬೇಕು. ಗುಂಡೂ ಇಂಧನವೂ ಬೇಗ ಮುಗಿಯುತ್ತವೆ. ಇವನ್ನು ಮರೆತ ದೃಶ್ಯ ಎಷ್ಟು ಚೆಂದ ಕಂಡರೂ ನಂಬಲು ಆಗುವುದಿಲ್ಲ.

ದೃಶ್ಯ ನಿಜಕ್ಕೆ ಹತ್ತಿರವಿದೆಯೇ ಎಂದು ತಿಳಿಯಲು ಮೊದಲು ಏನನ್ನು ನೋಡಬೇಕು?

ವಿಮಾನ ತಿರುಗುವ ರೀತಿಯನ್ನು ನೋಡಿ. ಪೈಲಟ್ ಮೊದಲು ಸ್ಟಿಕ್ಕನ್ನು ಪಕ್ಕಕ್ಕೆ ಒತ್ತುತ್ತಾರೆ. ರೆಕ್ಕೆಯ ತುದಿಯಲ್ಲಿರುವ ಏಲೆರಾನ್‌ಗಳಲ್ಲಿ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಹೊರಳುತ್ತದೆ, ವಿಮಾನ ವಾಲುತ್ತದೆ. ಬೇಕಾದಷ್ಟು ವಾಲಿದ ಮೇಲೆ ಸ್ಟಿಕ್ಕನ್ನು ಹೊಟ್ಟೆಯ ಕಡೆಗೆ ಎಳೆಯುತ್ತಾರೆ. ಆಗ ರೆಕ್ಕೆಯ ಎತ್ತುವ ಬಲವೇ ವಿಮಾನವನ್ನು ತಿರುವಿನೊಳಕ್ಕೆ ಎಳೆಯುತ್ತದೆ. ಮೊದಲು ವಾಲಬೇಕು, ಆಮೇಲೆ ಎಳೆಯಬೇಕು. ಗ್ರಾಫಿಕ್ಸ್ ವಿಮಾನಗಳು ಹೆಚ್ಚಾಗಿ ಎಡವುವುದು ಇಲ್ಲೇ. ಮೂತಿ ಮೊದಲು ತಿರುಗಿ, ಮೈ ಆಮೇಲೆ ಜಾರಿಕೊಂಡು ಬಂದರೆ ಆ ವಿಮಾನವನ್ನು ಗಾಳಿ ಮುಟ್ಟಿಯೇ ಇಲ್ಲ ಎಂದರ್ಥ.

ವಾಲಿದ ಕೋನಕ್ಕೂ ತಿರುವಿನ ಬಿಗಿಗೂ ಲೆಕ್ಕವಿದೆ. ಎತ್ತರ ಕಳೆದುಕೊಳ್ಳದೆ 4 ಜಿ ಬಲದಲ್ಲಿ (ಅಂದರೆ ಭೂಮಿಯ ಸೆಳೆತದ ನಾಲ್ಕು ಪಟ್ಟು ಬಲದಲ್ಲಿ) ತಿರುಗಬೇಕಾದರೆ ವಿಮಾನ ಸುಮಾರು 75 ಡಿಗ್ರಿ ವಾಲಿರಬೇಕು, 7 ಜಿ ಆದರೆ ಸುಮಾರು 82 ಡಿಗ್ರಿ. ಮೂವತ್ತು ಡಿಗ್ರಿ ಮಾತ್ರ ವಾಲಿ ಗಿರಕ್ಕನೆ ಹಿಂದಕ್ಕೆ ತಿರುಗುವ ಫೈಟರ್ ಸಿನಿಮಾದಲ್ಲಿ ಮಾತ್ರ ಇರುತ್ತದೆ.

ತಿರುವಿನ ಅಗಲವನ್ನೂ ಲೆಕ್ಕ ಹಾಕಬಹುದು. ಗಂಟೆಗೆ 900 ಕಿ.ಮೀ. ವೇಗದ ಜೆಟ್ 7 ಜಿ ಎಳೆದರೂ ತಿರುವಿನ ತ್ರಿಜ್ಯ ಸುಮಾರು 920 ಮೀಟರ್ ಆಗುತ್ತದೆ, ಒಂದು ಪೂರ್ತಿ ಸುತ್ತಿಗೆ 23 ಸೆಕೆಂಡ್ ಬೇಕು. ಅಂದರೆ ಸುಮಾರು 1.8 ಕಿ.ಮೀ. ಅಗಲದ ಜಾಗ. ಗಂಟೆಗೆ 400 ಕಿ.ಮೀ. ವೇಗದಲ್ಲಿ 4 ಜಿ ಎಳೆಯುವ ಎರಡನೇ ಮಹಾಯುದ್ಧದ ಫೈಟರಿಗೆ 325 ಮೀಟರ್ ತ್ರಿಜ್ಯ ಸಾಕು. ಹಳೆಯ ಯುದ್ಧದ ಕಾದಾಟ ಒಂದೇ ಚೌಕಟ್ಟಿನಲ್ಲಿ ಹಿಡಿಸುವುದಕ್ಕೂ ಜೆಟ್ ಕಾದಾಟ ಹಿಡಿಸದೆ ಇರುವುದಕ್ಕೂ ಇದೇ ಕಾರಣ. ಕಿರಿದಾದ ಕಣಿವೆಯೊಳಗೆ ಎರಡು ಜೆಟ್‌ಗಳು ಒಂದರ ಸುತ್ತ ಒಂದು ಗಿರಗಿರನೆ ಸುತ್ತಿದರೆ ನಂಬಬೇಡಿ.

ಬಿಗಿ ತಿರುವಿನ ನಂತರ ವಿಮಾನ ಮೊದಲಿನಷ್ಟೇ ವೇಗದಲ್ಲಿ ಹೋಗುತ್ತದೆಯೇ?

ಹೋಗುವುದಿಲ್ಲ. ರೆಕ್ಕೆಯನ್ನು ಗಾಳಿಗೆ ಹೆಚ್ಚು ಕೋನದಲ್ಲಿ ಒಡ್ಡಿದಷ್ಟೂ ಎಳೆತ ಹೆಚ್ಚುತ್ತದೆ, ವೇಗ ಇಳಿಯುತ್ತದೆ. ಇಳಿದ ವೇಗವನ್ನು ಮರಳಿ ಪಡೆಯಲು ಎರಡೇ ದಾರಿ: ಎಂಜಿನ್ನಿಗೆ ಸಮಯ ಕೊಡಬೇಕು, ಇಲ್ಲವೇ ಕೆಳಕ್ಕೆ ಧುಮುಕಿ ಎತ್ತರವನ್ನು ವೇಗವಾಗಿ ಬದಲಾಯಿಸಿಕೊಳ್ಳಬೇಕು. ನಿಜವಾದ ಡಾಗ್‌ಫೈಟ್ (ಹತ್ತಿರದಿಂದ ನಡೆಯುವ ವಿಮಾನ ಕಾಳಗ) ಅದಕ್ಕೇ ಹೆಚ್ಚಾಗಿ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಎತ್ತರದಲ್ಲಿ ಶುರುವಾಗಿ ಮರಗಳ ಮಟ್ಟದಲ್ಲಿ ಮುಗಿಯುವ ಕಾಳಗವನ್ನು ತೋರಿಸಿದ ನಿರ್ದೇಶಕರು ವಿಷಯ ಬಲ್ಲವರ ಹತ್ತಿರ ಕೇಳಿದ್ದಾರೆ ಎಂದು ಧೈರ್ಯವಾಗಿ ಹೇಳಬಹುದು.

ಹಿಂದೆ ಬಿದ್ದ ಶತ್ರುವನ್ನು ತಪ್ಪಿಸಲು ಗಕ್ಕನೆ ಬ್ರೇಕ್ ಹಾಕಿ ಅವನನ್ನು ಮುಂದೆ ಬಿಡುವ ತಂತ್ರ ಸಿನಿಮಾಗಳಿಗೆ ಬಲು ಪ್ರಿಯ. ಶತ್ರುವಿನ ವೇಗ ಹೆಚ್ಚಿದ್ದು ಅವನು ತೀರಾ ಹತ್ತಿರ ಬಂದಿದ್ದರೆ ಇದು ಫಲಿಸುತ್ತದೆ. ಆದರೆ ಅಷ್ಟರಲ್ಲಿ ನಿಮ್ಮ ವೇಗವೂ ಸತ್ತಿರುತ್ತದೆ. ಅವನ ಜೊತೆ ಇನ್ನೊಂದು ವಿಮಾನವಿದ್ದರೆ ನೀವು ಅದಕ್ಕೆ ನಿಂತ ಗುರಿ. 1989ರಲ್ಲಿ ಪ್ಯಾರಿಸ್ ವಿಮಾನ ಪ್ರದರ್ಶನದಲ್ಲಿ ಸೋವಿಯತ್ ಜೆಟ್ ಸು-27 ಮಾಡಿ ತೋರಿಸಿದ, ಮೂತಿಯನ್ನು ಗಕ್ಕನೆ ಮೇಲೆತ್ತಿ ವೇಗ ಕೊಲ್ಲುವ ‘ಕೋಬ್ರಾ’ ಚಮತ್ಕಾರಕ್ಕೂ ಇದೇ ಮಾತು ಅನ್ವಯಿಸುತ್ತದೆ. ನೋಡಲು ಅದ್ಭುತ, ಕಾಳಗದಲ್ಲಿ ದುಬಾರಿ.

ಕಾಕ್‌ಪಿಟ್ಟಿನಲ್ಲಿ ನಟರ ಅಭಿನಯ ಎಲ್ಲಿ ತಪ್ಪುತ್ತದೆ?

ವಿಮಾನ ಎಡಕ್ಕೆ ವಾಲಿದರೆ ನಟ ಬಲಕ್ಕೆ ತೂರಾಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಸರಿಯಾಗಿ ತಿರುಗುತ್ತಿರುವ ವಿಮಾನದಲ್ಲಿ ಬಲ ಪಕ್ಕಕ್ಕೆ ಬರುವುದೇ ಇಲ್ಲ. ಅದು ತಲೆಯಿಂದ ಕಾಲಿನ ಕಡೆಗೆ, ಸೀಟಿನೊಳಕ್ಕೆ ಒತ್ತುತ್ತದೆ. ಹೆಲ್ಮೆಟ್ ಸೇರಿ 6 ಕೆ.ಜಿ. ಇರುವ ತಲೆ 7 ಜಿಯಲ್ಲಿ 42 ಕೆ.ಜಿ. ತೂಗುತ್ತದೆ. ಕೆನ್ನೆ, ಕಣ್ಣಿನ ಕೆಳಗಿನ ಚರ್ಮ, ಆಕ್ಸಿಜನ್ ಮಾಸ್ಕ್ ಎಲ್ಲವೂ ಕೆಳಕ್ಕೆ ಜಗ್ಗುತ್ತವೆ. ಕೈ ಎತ್ತಿ ಮೇಲಿನ ಸ್ವಿಚ್ ಮುಟ್ಟುವುದೇ ಕಷ್ಟ. ಹಿಂದೆ ನೋಡಬೇಕಾದರೆ ಪೈಲಟ್ ಮೊದಲೇ ತಲೆ ತಿರುಗಿಸಿಕೊಂಡು ಸೀಟಿಗೆ ಒರಗಿಸಿ, ಆಮೇಲೆ ಸ್ಟಿಕ್ ಎಳೆಯುತ್ತಾರೆ. ಎಳೆದ ಮೇಲೆ ತಲೆ ಹೊರಳಿಸಲು ಹೋದರೆ ಕುತ್ತಿಗೆ ಉಳುಕುತ್ತದೆ.

ರಕ್ತ ಮಿದುಳಿನಿಂದ ಕೆಳಗಿಳಿಯದಂತೆ ಪೈಲಟ್ ಕಾಲು, ತೊಡೆ, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು, ಉಸಿರು ಕಟ್ಟಿ, ಮೂರು ಸೆಕೆಂಡಿಗೊಮ್ಮೆ ಚುಟುಕಾಗಿ ಉಸಿರು ಬದಲಾಯಿಸುತ್ತಾರೆ. ಆಗ ಬಾಯಿಂದ ಹೊರಡುವುದು ತಿಣುಕುವ ಸದ್ದು. ಆ ಹೊತ್ತಿನಲ್ಲಿ ಉದ್ದುದ್ದ ಸಂಭಾಷಣೆ ಹೇಳಲು ಯಾರಿಂದಲೂ ಆಗದು. ಬಿಗಿ ತಿರುವಿನ ನಡುವೆ ಪ್ರತಿಜ್ಞೆ ಮಾಡುವ ನಾಯಕನನ್ನು ಕಂಡರೆ, ಆ ಮಾತನ್ನು ತಿರುವಿಗೆ ಮೊದಲೋ ನಂತರವೋ ಇಟ್ಟಿದ್ದರೆ ದೃಶ್ಯದ ಬಲ ಇಮ್ಮಡಿಯಾಗುತ್ತಿತ್ತು ಎನಿಸುತ್ತದೆ.

ನೇರ ಹಾರಾಟದಲ್ಲಿ ಸ್ಟಿಕ್ಕನ್ನು ಸದಾ ಅಲುಗಾಡಿಸುವುದೂ ಸುಳ್ಳು. ಸರಿಯಾಗಿ ಟ್ರಿಮ್ ಮಾಡಿದ, ಅಂದರೆ ತಾನಾಗಿ ಸಮವಾಗಿ ಹಾರುವಂತೆ ಹೊಂದಿಸಿದ ವಿಮಾನದಲ್ಲಿ ಬೆರಳ ತುದಿಯ ಒತ್ತಡ ಸಾಕು.

ಮಾಸ್ಕ್ ಕಳಚಿಕೊಂಡು ರೇಡಿಯೋದಲ್ಲಿ ಮಾತಾಡಬಹುದೇ?

ಎರಡನೇ ಮಹಾಯುದ್ಧದ ಫೈಟರ್ ಸ್ಪಿಟ್‌ಫೈರ್ ಕಾಲದ ಬ್ರಿಟಿಷ್ ವಾಯುಪಡೆಯಲ್ಲಿ ಸಾಧ್ಯವೇ ಇರಲಿಲ್ಲ. ಮೈಕ್ ಇದ್ದದ್ದು ಮಾಸ್ಕಿನೊಳಗೆ. ಮಾಸ್ಕ್ ಒಂದು ಕಿವಿಯಿಂದ ಜೋತಾಡುತ್ತಿರುವಾಗ ನಾಯಕ ಗಾಳಿಗೆ ಮಾತಾಡಿದರೆ ಅದು ಯಾರಿಗೂ ಕೇಳುವುದಿಲ್ಲ. ಮೂರು ಕಿ.ಮೀ. ಎತ್ತರ ದಾಟಿದ ಮೇಲೆ ಆಕ್ಸಿಜನ್ನಿಗಾಗಿಯೂ ಮಾಸ್ಕ್ ಬೇಕು. ನಟರ ಮುಖ ಕಾಣಲಿ ಎಂದು ನಿರ್ಮಾಪಕರು ಇದನ್ನು ಬಿಟ್ಟುಕೊಡುತ್ತಾರೆ. 2017ರ ‘ಡನ್‌ಕರ್ಕ್’ ಚಿತ್ರದಲ್ಲಿ ಟಾಮ್ ಹಾರ್ಡಿ ಹಾರಾಟದ ಬಹುಪಾಲು ಮಾಸ್ಕ್ ಹಾಕಿಕೊಂಡೇ ಬರೀ ಕಣ್ಣಿನಲ್ಲಿ ಅಭಿನಯಿಸಿದರು. ಮುಖ ಮುಚ್ಚಿದರೆ ಜನ ನೋಡುವುದಿಲ್ಲ ಎನ್ನುವವರಿಗೆ ಅದನ್ನು ತೋರಿಸಿದರೆ ಸಾಕು.

ಫೈಟರ್‌ಗಳಲ್ಲಿ ಎಷ್ಟು ಗುಂಡು ಇರುತ್ತದೆ?

ಸಿನಿಮಾ ನೋಡಿ ಊಹಿಸುವುದಕ್ಕಿಂತ ತೀರಾ ಕಡಿಮೆ. 1940ರ ಸ್ಪಿಟ್‌ಫೈರ್‌ನಲ್ಲಿ ಎಂಟು ಬ್ರೌನಿಂಗ್ ಮಷಿನ್ ಗನ್‌ಗಳು, ಒಂದೊಂದಕ್ಕೆ 300 ಗುಂಡು. ನಿಮಿಷಕ್ಕೆ ಸುಮಾರು 1150ರ ವೇಗದಲ್ಲಿ ಹೊಡೆದರೆ 15 ಸೆಕೆಂಡಿಗೆಲ್ಲಾ ಖಾಲಿ. ಜಪಾನಿನ ಝೀರೋ ವಿಮಾನದ 1941ರ ಮಾದರಿಯಲ್ಲಿ 20 ಮಿ.ಮೀ. ಕ್ಯಾನನ್ ಒಂದಕ್ಕೆ 60 ಷೆಲ್ ಮಾತ್ರ, ಅಂದರೆ ಏಳು ಸೆಕೆಂಡಿನಷ್ಟು. ಆಮೇಲೆ ಉಳಿಯುವುದು ಸಣ್ಣ ಮಷಿನ್ ಗನ್‌ಗಳು. ಮಿಗ್-21ರ ಅವಳಿ ನಳಿಗೆಯ ಕ್ಯಾನನ್ನಿಗೆ 200 ಷೆಲ್, ನಾಲ್ಕು ಸೆಕೆಂಡಿಗೆ ಮುಗಿಯುತ್ತದೆ. ಸುಖೋಯ್-30ಕ್ಕೆ 150 ಷೆಲ್.

ಹಾಗಾಗಿ ಒಂದು ಸಲಕ್ಕೆ ಒಂದೆರಡು ಸೆಕೆಂಡ್ ಮಾತ್ರ ಟ್ರಿಗರ್ ಒತ್ತುತ್ತಿದ್ದರು. ಒಂದೇ ಚಿತ್ರದಲ್ಲಿ ನಾಯಕನ ಬಂದೂಕು ಸದ್ದು ಮಾಡುವ ಸಮಯವನ್ನು ಗಡಿಯಾರ ಇಟ್ಟು ಕೂಡಿಸಿ ನೋಡಿ. ಒಂದು ಹಾರಾಟದಲ್ಲಿ ನಲವತ್ತು ಸೆಕೆಂಡ್ ದಾಟಿದರೆ ಆತ ಎರಡು ಮೂರು ಸಲ ಇಳಿದು ಗುಂಡು ತುಂಬಿಸಿಕೊಂಡು ಬಂದಿರಬೇಕು.

ದೂರದ ವಿಷಯವೂ ಇದಕ್ಕೆ ಸೇರಿಕೊಂಡಿದೆ. ಸ್ಪಿಟ್‌ಫೈರ್‌ನ ಬಂದೂಕುಗಳು ಎರಡು ರೆಕ್ಕೆಗಳಲ್ಲಿ ಹರಡಿಕೊಂಡಿರುವುದರಿಂದ ಅವುಗಳ ಗುಂಡು ಮುಂದೆ ಒಂದು ಬಿಂದುವಿನಲ್ಲಿ ಸೇರುವಂತೆ ಹೊಂದಿಸುತ್ತಿದ್ದರು. ಮೊದಲು 400 ಗಜಕ್ಕೆ ಹೊಂದಿಸಿದ್ದರು. ಯುದ್ಧದ ಅನುಭವದ ಮೇಲೆ ಪೈಲಟ್‌ಗಳು ಅದನ್ನು 250 ಗಜಕ್ಕೆ, ಅಂದರೆ ಸುಮಾರು 230 ಮೀಟರಿಗೆ ತಂದರು. ಅಷ್ಟು ಹತ್ತಿರ ಹೋಗದೆ ಹೊಡೆದರೆ ಗುಂಡು ಚದುರಿ ವ್ಯರ್ಥವಾಗುತ್ತಿತ್ತು. ಒಂದು ಕಿಲೋಮೀಟರ್ ದೂರದಿಂದ ಹೊಡೆದು ಉರುಳಿಸುವ ದೃಶ್ಯಗಳು ಇಲ್ಲೇ ಸೋಲುತ್ತವೆ.

ಗುಂಡು ತಗುಲಿದ ತಕ್ಷಣ ವಿಮಾನ ಬೆಂಕಿಯ ಉಂಡೆಯಾಗಿ ಸಿಡಿಯುತ್ತದೆಯೇ?

ಅಪರೂಪ. ಹೆಚ್ಚಿನ ವಿಮಾನಗಳು ಹೊಗೆ ಬಿಟ್ಟುಕೊಂಡು ಎತ್ತರ ಕಳೆದುಕೊಳ್ಳುತ್ತಾ ಹೋಗುತ್ತಿದ್ದವು. ಕೆಲವದರ ರೆಕ್ಕೆ ಅಥವಾ ಬಾಲ ಮುರಿಯುತ್ತಿತ್ತು. ಪೈಲಟ್ ಸತ್ತರೆ, ಹೊರಗೆ ಏನೂ ಆಗದ ವಿಮಾನವೇ ಮೆಲ್ಲಗೆ ಒಂದು ಬದಿಗೆ ವಾಲಿ ಇಳಿದುಹೋಗುತ್ತಿತ್ತು. ಹೊಗೆಯ ಬಣ್ಣ ನೋಡಿದರೂ ಕಥೆ ತಿಳಿಯುತ್ತದೆ: ಬಿಳಿಯ ಗೆರೆ ಎಂದರೆ ಎಂಜಿನ್ ತಣಿಸುವ ಗ್ಲೈಕಾಲ್ ಅಥವಾ ಇಂಧನದ ಆವಿ ಸೋರುತ್ತಿದೆ, ಕಪ್ಪು ಎಂದರೆ ಎಣ್ಣೆ ಅಥವಾ ಬೆಂಕಿ. ಬಿಳಿ ಗೆರೆ ಕಂಡ ಸ್ಪಿಟ್‌ಫೈರ್ ಕೆಲವೇ ನಿಮಿಷದಲ್ಲಿ ಎಂಜಿನ್ ಕಾದು ನಿಲ್ಲುತ್ತದೆ. ಆ ಕೆಲವು ನಿಮಿಷಗಳ ಆತಂಕವನ್ನು ಬಿಟ್ಟು ಬೆಂಕಿಯ ಉಂಡೆ ತೋರಿಸುವುದು ದೊಡ್ಡ ನಷ್ಟ.

ಝೀರೋ ಇದಕ್ಕೆ ಒಂದು ಅಪವಾದ. ಯುದ್ಧದ ಮೊದಲ ವರ್ಷಗಳಲ್ಲಿ ಅದರ ಇಂಧನದ ಟ್ಯಾಂಕಿಗೆ ತೂತು ತಾನೇ ಮುಚ್ಚಿಕೊಳ್ಳುವ ರಬ್ಬರ್ ಪದರ ಇರಲಿಲ್ಲ. ಹಗುರ ಇರಲಿ ಎಂದು ಬಿಟ್ಟಿದ್ದರು. ಹಾಗಾಗಿ ಅದು ಬೇಗ ಹತ್ತಿಕೊಳ್ಳುತ್ತಿತ್ತು. ಝೀರೋ ಉರಿಯುವ ದೃಶ್ಯವನ್ನು ನಾವು ತಪ್ಪೆನ್ನುವುದಿಲ್ಲ.

1940ರ ಕಥೆಯಲ್ಲಿ ಸ್ಪಿಟ್‌ಫೈರ್ ಜರ್ಮನ್ ವಿಮಾನದ ಹಿಂದೆ ನೇರವಾಗಿ ಮೂತಿ ಕೆಳಗೆ ಮಾಡಿ ಧುಮುಕಬಹುದೇ?

ಧುಮುಕಿದರೆ ಎಂಜಿನ್ ಕೆಮ್ಮುತ್ತದೆ. ಸ್ಪಿಟ್‌ಫೈರ್‌ನ ಮರ್ಲಿನ್ ಎಂಜಿನ್ನಿಗೆ ಇದ್ದದ್ದು ಫ್ಲೋಟ್ ಇರುವ ಕಾರ್ಬುರೇಟರ್. ಸ್ಟಿಕ್ಕನ್ನು ಮುಂದಕ್ಕೆ ತಳ್ಳಿದಾಗ ಬಲ ತಿರುಗುಮುರುಗಾಗಿ ಇಂಧನ ಮೇಲಕ್ಕೆ ಚಿಮ್ಮುತ್ತಿತ್ತು. ಎಂಜಿನ್ ಮೊದಲು ಇಂಧನ ಸಿಗದೆ, ಮರುಕ್ಷಣ ಹೆಚ್ಚಾಗಿ ಸಿಕ್ಕಿ ನಿಂತುಹೋಗುತ್ತಿತ್ತು. ಜರ್ಮನ್ ಫೈಟರ್ ಮೆಸ್ಸರ್‌ಷ್ಮಿಟ್ 109ಕ್ಕೆ ನೇರ ಇಂಜೆಕ್ಷನ್ ಇದ್ದುದರಿಂದ ಆ ತೊಂದರೆ ಇರಲಿಲ್ಲ. ಜರ್ಮನ್ನರು ತಪ್ಪಿಸಿಕೊಳ್ಳಲು ಮಾಡುತ್ತಿದ್ದದ್ದೇ ಇದನ್ನು: ಮೂತಿ ಕೆಳಗೆ ತಳ್ಳಿ ಪರಾರಿ. ಬ್ರಿಟಿಷ್ ಪೈಲಟ್‌ಗಳು ಮೊದಲು ವಿಮಾನವನ್ನು ಅಂಗಾತ ಮಗುಚಿ, ಆಮೇಲೆ ಸ್ಟಿಕ್ ಎಳೆದು ಧುಮುಕಬೇಕಿತ್ತು. 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್ ಇಂಧನದ ಕೊಳವೆಗೆ ಒಂದು ಪುಟ್ಟ ತಡೆಬಿಲ್ಲೆ ಹಾಕಿಸಿ ಈ ಕಾಯಿಲೆಯನ್ನು ಬಹುಮಟ್ಟಿಗೆ ವಾಸಿ ಮಾಡಿದರು. ಮಗುಚಿ ಧುಮುಕುವ ಸ್ಪಿಟ್‌ಫೈರ್ ತೋರಿಸಿದ ಚಿತ್ರ ಮನೆಪಾಠ ಮಾಡಿದೆ ಎಂದು ತಿಳಿಯಿರಿ.

ಬೀಳುವ ಪ್ರತಿ ವಿಮಾನವೂ ‘ಕುಂಯ್ಯ್’ ಎಂದು ಚೀರುತ್ತದಲ್ಲ, ಅದು ನಿಜವೇ?

ಆ ಚೀರು ಜರ್ಮನಿಯ ಸ್ಟೂಕಾ ಬಾಂಬರಿನದು. ಅದರ ಚಕ್ರದ ಕಾಲಿಗೆ ಗಾಳಿಯಿಂದ ತಿರುಗುವ ಸೈರನ್ ಕಟ್ಟಿದ್ದರು. ನೆಲದ ಮೇಲಿದ್ದವರನ್ನು ಹೆದರಿಸಲು ಮಾಡಿದ ಉಪಾಯ ಅದು. ಅಂದಿನಿಂದ ಸಿನಿಮಾದವರು ಗುಂಡು ತಿಂದ ಎಲ್ಲ ವಿಮಾನಕ್ಕೂ, ಪ್ರಯಾಣಿಕರ ವಿಮಾನಕ್ಕೂ ಅದನ್ನೇ ಹಾಕುತ್ತಿದ್ದಾರೆ.

ಶಬ್ದದ ವೇಗವನ್ನು ಮರೆಯುವುದು ಇನ್ನೊಂದು ತಪ್ಪು. ಒಂದು ಕಿಲೋಮೀಟರ್ ದೂರದ ಸ್ಫೋಟದ ಸದ್ದು ಕಿವಿಗೆ ಬರಲು ಮೂರು ಸೆಕೆಂಡ್ ಬೇಕು. ಬೆಂಗಳೂರಿನ ಯಲಹಂಕದಲ್ಲಿ ಏರೋ ಇಂಡಿಯಾ ನೋಡಿದವರಿಗೆ ಇದು ಗೊತ್ತು: ಸದ್ದು ಬಂದ ದಿಕ್ಕಿಗೆ ನೋಡಿದರೆ ಜೆಟ್ ಅಲ್ಲಿರುವುದಿಲ್ಲ, ಅದಕ್ಕಿಂತ ಬಹಳ ಮುಂದೆ ಇರುತ್ತದೆ. ಕಾಕ್‌ಪಿಟ್ಟಿನ ಒಳಗಂತೂ ಪೈಲಟ್ಟಿಗೆ ಶತ್ರುವಿನ ಎಂಜಿನ್ ಕೇಳಿಸುವ ಮಾತೇ ಇಲ್ಲ. ತನ್ನ ಎಂಜಿನ್, ಗಾಳಿಯ ಮೊರೆತ, ರೇಡಿಯೋದ ಗೊರಗೊರ, ತನ್ನದೇ ಉಸಿರು, ಇಷ್ಟೇ.

ಪ್ರೊಪೆಲ್ಲರ್ ನಿಂತಂತೆಯೋ ಬಾಗಿದಂತೆಯೋ ಕಾಣುವುದು ಗ್ರಾಫಿಕ್ಸ್ ತಪ್ಪೇ?

ಯಾವಾಗಲೂ ಅಲ್ಲ. ಸ್ಪಿಟ್‌ಫೈರ್‌ನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಗೇರ್ ದಾಟಿ ಬಂದ ಪ್ರೊಪೆಲ್ಲರ್ ಸುಮಾರು 1430 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 24ರ ಹತ್ತಿರ. ಸಿನಿಮಾ ಕ್ಯಾಮೆರಾವೂ ಸೆಕೆಂಡಿಗೆ 24 ಚೌಕಟ್ಟು ಹಿಡಿಯುತ್ತದೆ. ಹಾಗಾಗಿ ಮಸುಕಾದ ಅಲಗುಗಳು ನಿಧಾನವಾಗಿ ಹಿಂದಕ್ಕೆ ತಿರುಗಿದಂತೆ ಕಾಣುವುದು ಸಹಜ. ಅಲಗು ಚಾಕುವಿನಷ್ಟು ಚೂಪಾಗಿ, ಒಂದಿಷ್ಟೂ ಮಸುಕಿಲ್ಲದೆ ಕಂಡರೆ ಅದು ಗ್ರಾಫಿಕ್ಸಿನ ತಪ್ಪು, ಇಲ್ಲವೇ ತೀರಾ ಹೆಚ್ಚಿನ ಷಟರ್ ವೇಗ. ಬಾಗಿದ ಅಲಗು ಡಿಜಿಟಲ್ ಸೆನ್ಸರ್ ಸಾಲುಸಾಲಾಗಿ ಓದುವುದರ ಫಲ.

ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗಿಸಿಕೊಂಡು ಯುದ್ಧಕ್ಕೆ ಹೋಗುತ್ತವೆಯೇ?

ಪ್ರದರ್ಶನಕ್ಕೆ ಹೋಗುತ್ತವೆ, ಯುದ್ಧಕ್ಕಲ್ಲ. ಜರ್ಮನ್ನರು ಸ್ಪೇನಿನ ಅಂತರ್ಯುದ್ಧದಲ್ಲಿ ಕಲಿತ ಪಾಠದಿಂದ ಇಬ್ಬರ ಜೋಡಿ, ನಾಲ್ವರ ಸಡಿಲ ಗುಂಪಾಗಿ ಹಾರುತ್ತಿದ್ದರು. ನಡುವೆ ಒಂದೆರಡು ನೂರು ಮೀಟರ್ ಬಿಡುತ್ತಿದ್ದುದರಿಂದ ಪಕ್ಕದವನಿಗೆ ಡಿಕ್ಕಿ ಹೊಡೆಯುವ ಭಯವಿಲ್ಲದೆ ಎಲ್ಲರೂ ಆಕಾಶ ನೋಡಬಹುದಿತ್ತು. 1940ರ ಬ್ರಿಟಿಷರು ಮಾತ್ರ ಮೂವರ ಬಿಗಿ ಗುಂಪನ್ನೇ ನೆಚ್ಚಿಕೊಂಡು ಬೆಲೆ ತೆತ್ತರು, ಆಮೇಲೆ ಶತ್ರುವಿನ ಕ್ರಮವನ್ನೇ ಹಿಡಿದರು. ಆದ್ದರಿಂದ ಆ ವರ್ಷದ ಚಿತ್ರದಲ್ಲಿ ಬ್ರಿಟಿಷರ ಬಿಗಿ ಗುಂಪು ಸರಿ, ಜರ್ಮನ್ನರ ಬಿಗಿ ಗುಂಪು ತಪ್ಪು. ಇಂದಿನ ಜೆಟ್‌ಗಳು ಕಾದಾಡಲು ಹೋಗುವಾಗ ನಡುವೆ ಕಿಲೋಮೀಟರ್‌ಗಟ್ಟಲೆ ಅಂತರ ಇರುತ್ತದೆ. ಚೌಕಟ್ಟಿನಲ್ಲಿ ಎರಡೂ ಕಾಣಲಿ ಎಂದು ಚಿತ್ರಗಳು ಅವನ್ನು ಒಟ್ಟಿಗೆ ತರುತ್ತವೆ. ಈ ರಿಯಾಯಿತಿಯನ್ನು ಕೊಡಬಹುದು.

ಮಿಸೈಲು ವಿಮಾನವನ್ನು ನಿಮಿಷಗಟ್ಟಲೆ ಅಟ್ಟಿಸಿಕೊಂಡು ಬರುತ್ತದೆಯೇ?

ಇಲ್ಲ. ಮೂರು ಕಿ.ಮೀ. ಹಿಂದಿನಿಂದ ಬಿಟ್ಟ ಮಿಸೈಲು ಸೆಕೆಂಡಿಗೆ 500 ಮೀಟರ್ ಹತ್ತಿರವಾಗುತ್ತಿದ್ದರೆ ಆರು ಸೆಕೆಂಡಿನಲ್ಲಿ ಮುಗಿಯಿತು. ಸಣ್ಣ ಮಿಸೈಲಿನ ಮೋಟಾರ್ ಉರಿಯುವುದೇ ಕೆಲವು ಸೆಕೆಂಡ್. ಆಮೇಲೆ ಅದು ಗಳಿಸಿದ ವೇಗದಲ್ಲೇ ತೇಲುತ್ತದೆ, ಹೊಗೆಯ ಬಾಲವೂ ಇರುವುದಿಲ್ಲ. ಒಮ್ಮೆ ಗುರಿ ತಪ್ಪಿದರೆ ಸುತ್ತು ಹಾಕಿ ಮತ್ತೆ ಬರುವ ಶಕ್ತಿ ಅದಕ್ಕಿಲ್ಲ. ನೇರವಾಗಿ ತಾಗಲೇಬೇಕೆಂದೂ ಇಲ್ಲ, ಹತ್ತಿರ ಬಂದಾಗ ಸಿಡಿದು ಚೂರುಗಳಿಂದ ಹೊಡೆಯುತ್ತದೆ.

ಎಚ್ಚರಿಕೆಯ ‘ಬೀಪ್’ ಸದ್ದಿನ ಬಗ್ಗೆಯೂ ಗೊಂದಲವಿದೆ. ಆ ಸದ್ದು ರಾಡಾರ್ ಅಲೆಯನ್ನು ಗ್ರಹಿಸುವ ಉಪಕರಣದ್ದು. ಶಾಖ ಹುಡುಕುವ ಮಿಸೈಲು ರಾಡಾರ್ ಅಲೆ ಬಿಡುವುದಿಲ್ಲವಾದ್ದರಿಂದ ಈ ಉಪಕರಣಕ್ಕೆ ಅದರ ಸುಳಿವೇ ಸಿಗದು. ಅದನ್ನು ಕಣ್ಣಿಂದ ಕಾಣಬೇಕು, ಇಲ್ಲವೇ ಅದಕ್ಕೆಂದೇ ಬೇರೆ ಸಂವೇದಕ ಇರಬೇಕು. ಹಾಗೆಯೇ ಉರಿಯುವ ಫ್ಲೇರ್ ಶಾಖದ ಮಿಸೈಲಿಗೆ, ಲೋಹದ ಲೇಪನದ ಎಳೆಗಳಾದ ಚಾಫ್ ರಾಡಾರ್ ಮಿಸೈಲಿಗೆ. ರಾಡಾರ್ ಮಿಸೈಲನ್ನು ಫ್ಲೇರ್ ಹಾರಿಸಿ ತಪ್ಪಿಸಿಕೊಂಡರೆ ಬರೆದವರು ಇವೆರಡನ್ನು ಕಲೆಸಿದ್ದಾರೆ.

ಹಳೆಯ ಚಿತ್ರಗಳಲ್ಲಿ ಕಂಡದ್ದು ಅಸಲಿ ವಿಮಾನಗಳೇ?

ಕೆಲವು ಅಸಲಿ, ಹಲವು ವೇಷ. 1969ರ ‘ಬ್ಯಾಟಲ್ ಆಫ್ ಬ್ರಿಟನ್’ ಚಿತ್ರದ ಜರ್ಮನ್ ವಿಮಾನಗಳು ಸ್ಪೇನಿನಲ್ಲಿ ತಯಾರಾದವು. ಮೆಸ್ಸರ್‌ಷ್ಮಿಟ್ ಪಾತ್ರ ಮಾಡಿದ್ದು ಹಿಸ್ಪಾನೋ ಬುಚೋನ್, ಹೈಂಕೆಲ್ ಬಾಂಬರಿನ ಪಾತ್ರ ಮಾಡಿದ್ದು ಕಾಸಾ 2.111. ಎರಡರಲ್ಲೂ ಇದ್ದದ್ದು ಬ್ರಿಟನ್ನಿನ ಮರ್ಲಿನ್ ಎಂಜಿನ್! ಗುರುತಿಸುವುದು ಸುಲಭ. ಅಸಲಿ 109ರ ಎಂಜಿನ್ ತಲೆಕೆಳಗಾಗಿ ಕೂತಿರುವುದರಿಂದ ಹೊಗೆಯ ಕೊಳವೆಗಳ ಸಾಲು ಮೂತಿಯ ಕೆಳಭಾಗದಲ್ಲಿರುತ್ತದೆ. ಬುಚೋನ್‌ನಲ್ಲಿ ಅದು ಮೇಲಿದೆ, ಗಲ್ಲ ಉಬ್ಬಿದೆ. ‘ಡನ್‌ಕರ್ಕ್’ನಲ್ಲೂ ಅದೇ ಬುಚೋನ್. ಅಲ್ಲಿ ಜರ್ಮನ್ ವಿಮಾನಗಳ ಮೂತಿಗೆ ಹಳದಿ ಬಳಿದಿದ್ದಾರೆ. ಚರಿತ್ರೆಯಲ್ಲಿ ಆ ಹಳದಿ ಬಂದದ್ದು 1940ರ ಡನ್‌ಕರ್ಕ್ ಕಾರ್ಯಾಚರಣೆ ಮುಗಿದ ಮೇಲೆ. ಪ್ರೇಕ್ಷಕರಿಗೆ ಶತ್ರು ಯಾರೆಂದು ಥಟ್ಟನೆ ತಿಳಿಯಲಿ ಎಂದು ಮಾಡಿದ್ದು. ಈ ತಪ್ಪಿನಿಂದ ಹಾರಾಟಕ್ಕೆ ಏನೂ ಕುಂದಿಲ್ಲ.

1970ರ ‘ತೋರಾ! ತೋರಾ! ತೋರಾ!’ ಚಿತ್ರಕ್ಕೆ ಅಮೆರಿಕದ ತರಬೇತಿ ವಿಮಾನಗಳ ಮೈ ಬದಲಿಸಿ ಜಪಾನಿ ವಿಮಾನ ಮಾಡಿದರು: ಟೆಕ್ಸನ್ ಝೀರೋ ಆಯಿತು, ವೇಲಿಯಂಟ್ ಬಾಂಬರ್ ಆಯಿತು. ಅದೇ ಚಿತ್ರದಲ್ಲಿ ಬಿ-17 ಬಾಂಬರೊಂದು ಒಂದೇ ಚಕ್ರದ ಮೇಲೆ ಇಳಿಯುವ ದೃಶ್ಯ ನಟನೆಯಲ್ಲ. ಚಿತ್ರೀಕರಣದ ವೇಳೆ ಇನ್ನೊಂದು ಚಕ್ರ ನಿಜವಾಗಿಯೂ ಇಳಿಯಲಿಲ್ಲ, ಕ್ಯಾಮೆರಾ ಓಡುತ್ತಿತ್ತು, ಅದನ್ನೇ ಇಟ್ಟುಕೊಂಡರು.

ಬರೀ ನೀಲಿ ಆಕಾಶದಲ್ಲಿ ತೆಗೆದ ದೃಶ್ಯ ಏಕೆ ನಿಧಾನವೆನಿಸುತ್ತದೆ?

ವೇಗ ತೋರಲು ಪಕ್ಕದಲ್ಲಿ ಏನಾದರೂ ಇರಬೇಕು. ಒಂದನೇ ಮಹಾಯುದ್ಧದಲ್ಲಿ ಸ್ವತಃ ಹಾರಿದ್ದ ವಿಲಿಯಂ ವೆಲ್‌ಮನ್ 1927ರ ‘ವಿಂಗ್ಸ್’ ಚಿತ್ರಕ್ಕಾಗಿ ಟೆಕ್ಸಸ್‌ನಲ್ಲಿ ಮೋಡಕ್ಕಾಗಿ ಕಾದು ಕೂತರು. ಹೊವರ್ಡ್ ಹ್ಯೂಸ್ 1930ರ ‘ಹೆಲ್ಸ್ ಏಂಜಲ್ಸ್’ಗೆ ಅದನ್ನೇ ಮಾಡಿದರು. ‘ವಿಂಗ್ಸ್’ನಲ್ಲಿ ಕಾಕ್‌ಪಿಟ್ ಮುಂದೆ ಕ್ಯಾಮೆರಾ ಬಿಗಿದು, ನಟರೇ ಗಾಳಿಯಲ್ಲಿ ಸ್ವಿಚ್ ಒತ್ತಿ ತಮ್ಮ ಮುಖವನ್ನು ಚಿತ್ರಿಸಿಕೊಂಡರು.

ಮೋಡದ ಜೊತೆಗೆ ಇನ್ನೊಂದು ವಿಷಯ: ವಿಮಾನದ ಹಿಂದಿನ ಬಿಳಿ ಆವಿಗೆರೆ ಸಾಮಾನ್ಯವಾಗಿ 8 ಕಿ.ಮೀ. ಮೇಲೆ, ಮೈನಸ್ 40 ಡಿಗ್ರಿಯ ಆಸುಪಾಸಿನ ಚಳಿಯಲ್ಲಿ ಹುಟ್ಟುತ್ತದೆ. ಹೊಲದ ಮೇಲೆ ಹಾರುವ ವಿಮಾನಕ್ಕೆ ಅದನ್ನು ಅಂಟಿಸಬಾರದು. ತೇವದ ಗಾಳಿಯಲ್ಲಿ ಬಿಗಿಯಾಗಿ ತಿರುಗುವಾಗ ರೆಕ್ಕೆಯ ಮೇಲೆ ಮಿಂಚಿ ಮಾಯವಾಗುವ ಮಂಜು ಬೇರೆ. ಅದು ಕೆಳಗೂ ಉಂಟಾಗುತ್ತದೆ.

ಒಂದನೇ ಮಹಾಯುದ್ಧದ ಪೈಲಟ್‌ಗಳಿಗೆ ಪ್ಯಾರಾಚೂಟ್ ಇತ್ತೇ?

1918ರಲ್ಲಿ ಜರ್ಮನ್ ಫೈಟರ್ ಪೈಲಟ್‌ಗಳಿಗೆ ಬಂತು. ಬ್ರಿಟಿಷ್, ಫ್ರೆಂಚ್, ಅಮೆರಿಕನ್ ಪೈಲಟ್‌ಗಳು ಅದಿಲ್ಲದೆ ಹೋರಾಡಿದರು.

ಎಲ್ಲವನ್ನೂ ನಿಜವಾದ ವಿಮಾನದಲ್ಲೇ ಚಿತ್ರೀಕರಿಸಿದರೆ ಆಗದೇ?

ಆಗುತ್ತದೆ, ಆದರೆ ಜೀವದ ಬೆಲೆ ಲೆಕ್ಕಕ್ಕೆ ತಗೊಳ್ಳಬೇಕು. ‘ಹೆಲ್ಸ್ ಏಂಜಲ್ಸ್’ ಚಿತ್ರೀಕರಣದಲ್ಲಿ ಪೈಲಟ್‌ಗಳೂ ಒಬ್ಬ ಮೆಕ್ಯಾನಿಕ್ಕೂ ಸತ್ತರು. 1985ರ ಸೆಪ್ಟೆಂಬರಿನಲ್ಲಿ ‘ಟಾಪ್ ಗನ್’ಗಾಗಿ ಗಿರಕಿಯ ದೃಶ್ಯ ತೆಗೆಯುತ್ತಿದ್ದ ಆರ್ಟ್ ಶೋಲ್ ಎಂಬ ಅನುಭವಿ ಪೈಲಟ್ ಕ್ಯಾಮೆರಾ ಹೊತ್ತ ವಿಮಾನದೊಂದಿಗೆ ಪೆಸಿಫಿಕ್ ಸಾಗರಕ್ಕೆ ಬಿದ್ದು ತೀರಿಕೊಂಡರು. ಚಿತ್ರವನ್ನು ಅವರಿಗೇ ಅರ್ಪಿಸಿದ್ದಾರೆ.

2022ರ ‘ಟಾಪ್ ಗನ್: ಮಾವೆರಿಕ್’ ಆಯ್ದುಕೊಂಡ ದಾರಿ ಹೀಗಿದೆ. ಅಮೆರಿಕದ ನೌಕಾಪಡೆಯ ಎರಡು ಸೀಟಿನ ಎಫ್/ಎ-18 ಸೂಪರ್ ಹಾರ್ನೆಟ್‌ನಲ್ಲಿ ಮುಂದೆ ನೌಕಾಪಡೆಯ ಪೈಲಟ್, ಹಿಂದೆ ನಟ. ಕಾಕ್‌ಪಿಟ್ಟಿನಲ್ಲಿ ಸೋನಿ ವೆನಿಸ್‌ನ ಆರು ಕ್ಯಾಮೆರಾಗಳು, ಅವುಗಳ ಸೆನ್ಸರ್ ಭಾಗವನ್ನು ಕಳಚಿ ಬೇರೆಯಾಗಿ ಬಿಗಿದಿದ್ದರು. ನಟರಿಗೆ ಮೊದಲು ಸೆಸ್ನಾ, ನಂತರ ಕಸರತ್ತಿನ ಎಕ್ಸ್‌ಟ್ರಾ 300, ಆಮೇಲೆ ಎಲ್-39 ಜೆಟ್, ಕೊನೆಗೆ ಹಾರ್ನೆಟ್ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತರಬೇತಿ. ಮುಖದ ಮೇಲೆ ಕಾಣುವ ಜಿ ಬಲ ಅಸಲಿ, ಮೇಕಪ್ಪಿನದ್ದಲ್ಲ. ಚಿತ್ರದ ಕಥೆಯ ಬಗ್ಗೆ ಬೇಕಾದಷ್ಟು ತಕರಾರು ತೆಗೆಯಬಹುದು, ಆ ಮುಖಗಳ ಬಗ್ಗೆ ತೆಗೆಯಲಾಗದು.

ಭಾರತದ ಯುದ್ಧ ಚಿತ್ರಗಳು ಏಕೆ ಗ್ರಾಫಿಕ್ಸನ್ನೇ ನೆಚ್ಚುತ್ತವೆ?

ಹಾರುವ ವಿಮಾನವೇ ಇಲ್ಲ. 1965, 1971ರಲ್ಲಿ ಹೋರಾಡಿದ ಮಿಸ್ಟೇರ್, ಹಂಟರ್, ನ್ಯಾಟ್, ಮರುತ್ ಎಲ್ಲವೂ ನಮ್ಮಲ್ಲಿ ಮ್ಯೂಸಿಯಂ ಸೇರಿವೆ. ಮಿಗ್-21 ಕೂಡ 2025ರ ಸೆಪ್ಟೆಂಬರಿನಲ್ಲಿ ನಿವೃತ್ತಿಯಾಯಿತು. ಹಾಗಾಗಿ ಗ್ರಾಫಿಕ್ಸ್ ಅನಿವಾರ್ಯ. ಅದನ್ನು ಹೇಗೆ ಮಾಡುತ್ತಾರೆ ಎಂಬುದೇ ಪ್ರಶ್ನೆ.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಪ್ರಸಂಗವನ್ನೇ ತೆಗೆದುಕೊಳ್ಳಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಮಿಸ್ಟೇರ್‌ಗಳಲ್ಲಿ ಅವರದೂ ಒಂದು. ಅವರನ್ನು ಎದುರಿಸಿದ್ದು ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್. ಆ ಕಾದಾಟದಲ್ಲಿ ಸ್ಟಾರ್‌ಫೈಟರ್ ಬಿತ್ತು. ಅದರ ಪೈಲಟ್ ಅಮ್ಜದ್ ಹುಸೇನ್ ಹೊರಹಾರಿ ಬದುಕಿದರು, ದೇವಯ್ಯನವರು ಮರಳಲಿಲ್ಲ. ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ. 2025ರ ಹಿಂದಿ ಚಿತ್ರ ‘ಸ್ಕೈ ಫೋರ್ಸ್’ ಈ ಘಟನೆಯನ್ನು ಆಧರಿಸಿದ್ದು, ಪಾತ್ರಗಳಿಗೆ ಬೇರೆ ಹೆಸರು ಕೊಟ್ಟಿದೆ.

ಈ ಕಾದಾಟವನ್ನು ಯಾರೇ ಚಿತ್ರಿಸಲಿ, ಎರಡು ವಿಮಾನಗಳ ವ್ಯತ್ಯಾಸ ಕಣ್ಣಿಗೆ ಕಾಣಬೇಕು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗ ಮುಟ್ಟಬಲ್ಲದು, ಆದರೆ ಅದರ ರೆಕ್ಕೆಯ ವಿಸ್ತೀರ್ಣ ಬರೀ 18 ಚದರ ಮೀಟರ್. ಮಿಸ್ಟೇರ್ ಬಹಳ ನಿಧಾನ, ರೆಕ್ಕೆ ಸುಮಾರು 32 ಚದರ ಮೀಟರ್. ವೇಗದವನು ನೇರವಾಗಿ ಬಂದು ಹೊಡೆದು ಹೋಗಬೇಕು. ತಿರುಗಲು ಇಳಿದರೆ ತನ್ನ ಲಾಭವನ್ನು ತಾನೇ ಬಿಟ್ಟುಕೊಟ್ಟಂತೆ. ನಿಧಾನದ ವಿಮಾನದವರು ಓಡಿ ತಪ್ಪಿಸಿಕೊಳ್ಳಲಾರರು, ತಿರುಗಿ ನಿಲ್ಲಬಲ್ಲರು. ದೇವಯ್ಯನವರ ಸಾಹಸ ಎಷ್ಟು ದೊಡ್ಡದೆಂದು ತಿಳಿಯುವುದು ಈ ಲೆಕ್ಕ ಪ್ರೇಕ್ಷಕರಿಗೆ ಅರ್ಥವಾದಾಗ. ಎರಡೂ ವಿಮಾನ ಒಂದೇ ರೀತಿ ಗಿರಕಿ ಹೊಡೆಯುವಂತೆ ತೋರಿಸಿದರೆ ಆ ಸಾಹಸವನ್ನೇ ಕಿರಿದು ಮಾಡಿದಂತೆ.

ರಾಜಸ್ಥಾನದ ಗಡಿಯ ಲೋಂಗೇವಾಲಾ ಕದನದ ಒಂದು ವಿವರವನ್ನು 1997ರ ‘ಬಾರ್ಡರ್’ ಸರಿಯಾಗಿ ಹಿಡಿದಿದೆ: ಜೈಸಲ್ಮೇರಿನ ಹಂಟರ್‌ಗಳಿಗೆ ರಾತ್ರಿ ಹೋರಾಡುವ ಉಪಕರಣ ಇರಲಿಲ್ಲ, 1971ರ ಡಿಸೆಂಬರ್ 5ರ ಬೆಳಗಿನವರೆಗೆ ಕಾಯಲೇಬೇಕಿತ್ತು. ಮಿತಿಯೇ ಕಥೆಗೆ ಬಿಗಿ ತಂದಿದೆ.

ಕಡಿಮೆ ಬಜೆಟ್ಟಿನಲ್ಲಿ ಹಾರಾಟದ ದೃಶ್ಯ ಮಾಡುವವರು ಏನು ಮಾಡಬೇಕು?

ಕಂಪ್ಯೂಟರಿನೊಳಗಿನ ಕ್ಯಾಮೆರಾವನ್ನು ಇನ್ನೊಂದು ವಿಮಾನದಲ್ಲಿ ಕೂರಿಸಿ. ಅಂದರೆ ಆ ಕ್ಯಾಮೆರಾಕ್ಕೂ ವೇಗ, ತೂಕ, ತಿರುವಿನ ಮಿತಿ ಕೊಡಿ. 50ರಿಂದ 100 ಮೀಟರ್ ದೂರದಿಂದ ಉದ್ದ ಲೆನ್ಸಿನಲ್ಲಿ ನೋಡಿದಂತಿರಲಿ. ಗುರಿ ತಿರುಗಿದಾಗ ಕ್ಯಾಮೆರಾ ಅರೆಕ್ಷಣ ತಡವಾಗಿ ಹಿಂಬಾಲಿಸಲಿ, ವಿಮಾನ ಚೌಕಟ್ಟಿನ ಅಂಚಿಗೆ ಜಾರಿ ಮತ್ತೆ ಸಿಗಲಿ. ರೆಕ್ಕೆಯ ಕೆಳಗೆ ನುಸುಳಿ, ಎಂಜಿನ್ ಸುತ್ತಿ, ಪೈಲಟ್ಟಿನ ಕಣ್ಣಿನವರೆಗೆ ಒಂದೇ ಓಟದಲ್ಲಿ ಹೋಗುವ ಕ್ಯಾಮೆರಾ ಮೊದಲ ನೋಟಕ್ಕೇ ಸುಳ್ಳನ್ನು ಬಿಟ್ಟುಕೊಡುತ್ತದೆ.

ಕಾಕ್‌ಪಿಟ್ಟಿನ ಮಾದರಿಯನ್ನು ಸ್ಟುಡಿಯೋದ ಹಸಿರು ಪರದೆಯ ಮುಂದೆ ಇಡುವ ಬದಲು ಎತ್ತರದ ಬಯಲಿನಲ್ಲಿ, ಬಿಸಿಲಿನಲ್ಲಿ ಇಡಿ. ಕೆಳಗೆ ಗಟ್ಟಿಯಾದ ತಿರುಗುವ ಚೌಕಟ್ಟು ಕಟ್ಟಿ ನಾಲ್ವರು ಕೈಯಿಂದ ವಾಲಿಸಿದರೂ ನಡೆಯುತ್ತದೆ. ಮಾದರಿ ವಾಲಿದಾಗ ಸೂರ್ಯನ ಬೆಳಕು ನಟನ ಮುಖದ ಮೇಲೆ ಹಾದುಹೋಗಬೇಕು, ಕಾಕ್‌ಪಿಟ್ ಗಾಜಿನ ಚೌಕಟ್ಟಿನ ನೆರಳು ಎದೆಯ ಮೇಲೆ ಸರಿಯಬೇಕು. ಗಾಜಿನಲ್ಲಿ ಆಕಾಶದ ಪ್ರತಿಫಲನ ತಾನಾಗಿ ಸಿಗುತ್ತದೆ. ಬೆಳಿಗ್ಗೆ ತೆಗೆದ ಮುಖಕ್ಕೆ ಮಧ್ಯಾಹ್ನದ ಆಕಾಶ ಜೋಡಿಸಬೇಡಿ. ಗ್ರಾಫಿಕ್ಸ್ ವಿಮಾನದ ಏಲೆರಾನ್, ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಎಲಿವೇಟರ್‌ಗಳು ತಿರುವಿಗೆ ಅರೆಕ್ಷಣ ಮೊದಲು ಅಲುಗಾಡಲಿ. ಬಹುತೇಕರು ಇದನ್ನು ಮರೆಯುತ್ತಾರೆ, ಮಾಡಲು ಖರ್ಚೇ ಇಲ್ಲ.

ಅಭ್ಯಾಸಕ್ಕೆ ಅಸಲಿ ದೃಶ್ಯ ಯಾವುದು ನೋಡಬೇಕು?

ಎರಡನೇ ಮಹಾಯುದ್ಧದ ಗನ್ ಕ್ಯಾಮೆರಾ ಫಿಲ್ಮ್. ಟ್ರಿಗರ್ ಒತ್ತಿದಾಗ ಓಡುವಂತೆ ರೆಕ್ಕೆಯಲ್ಲೋ ಮೂತಿಯಲ್ಲೋ ಇಟ್ಟಿದ್ದ ಪುಟ್ಟ ಕ್ಯಾಮೆರಾದ್ದು. ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನ ಸಂಗ್ರಹದಲ್ಲಿರುವ ಇಂಥ ತುಣುಕುಗಳು ಯೂಟ್ಯೂಬಿನಲ್ಲಿ ಧಾರಾಳವಾಗಿ ಸಿಗುತ್ತವೆ. ಬಹಳಷ್ಟನ್ನು ನಿಧಾನಗತಿಯಲ್ಲಿ ತೋರಿಸುವುದರಿಂದ ವೇಗವನ್ನು ಅದರಿಂದ ಅಳೆಯಬೇಡಿ. ಗುಂಡು ಎಲ್ಲಿ ತಾಗುತ್ತದೆ, ಚೂರು ಹೇಗೆ ಹಾರುತ್ತದೆ, ಹೊಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ನೋಡಿ. ವಿಲಿಯಂ ವೈಲರ್ 1944ರಲ್ಲಿ ತಯಾರಿಸಿದ ‘ಮೆಂಫಿಸ್ ಬೆಲ್’ ಸಾಕ್ಷ್ಯಚಿತ್ರವನ್ನು ಬಾಂಬರ್‌ಗಳ ಒಳಗಿನಿಂದ 16 ಮಿ.ಮೀ. ಬಣ್ಣದ ಫಿಲ್ಮಿನಲ್ಲಿ, ಯುರೋಪಿನ ಮೇಲೆ ನಡೆದ ನಿಜವಾದ ದಾಳಿಗಳಲ್ಲಿ ತೆಗೆದಿದ್ದಾರೆ. ತೆಗೆಯುವಾಗ ಒಬ್ಬ ಛಾಯಾಗ್ರಾಹಕ ಸತ್ತರು. ವಿಮಾನವನ್ನು ಕೈಯಳತೆಯಲ್ಲಿ ನೋಡಬೇಕಾದರೆ ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ. 1961ರಲ್ಲಿ ಮೊದಲು ಹಾರಿದ, ಕುರ್ಟ್ ಟ್ಯಾಂಕ್ ವಿನ್ಯಾಸದ ಮರುತ್ ಅಲ್ಲಿದೆ. ಅದರ ಏಲೆರಾನ್ ಎಷ್ಟು ಅಗಲ, ಕಾಕ್‌ಪಿಟ್ ಎಷ್ಟು ಇಕ್ಕಟ್ಟು ಎಂದು ಅಳತೆ ಬರೆದುಕೊಂಡು ಬಂದು ಮಾದರಿ ಕಟ್ಟಲು ಕೂರಿ.